ಕೈಯಿಲ್ಲದ ಕುರ್ಚಿ

ಆ ಕುರ್ಚಿಗೆ ಕೈಗಳಿರಲಿಲ್ಲ. ಗಟ್ಟಿ ಮರದ್ದು, ನೆಟ್ಟನೆಯ ಬೆನ್ನಿನದು. ಆಸ್ಪತ್ರೆಯಲ್ಲಿ ವ್ಯಾಯಾಮ ಹೇಳಿಕೊಡುತ್ತಿದ್ದ ನಸೀಮಾ ನಮ್ಮ ಮನೆಗೆ ಬಂದು, ಅದನ್ನೇ ಆರಿಸಿ ನಡುಮನೆಯಲ್ಲಿ ಇಡಿಸಿದ್ದಳು. "ಕೈ ಊರದೆ ಕೂತು ಏಳಬೇಕು. ಬೆಳಿಗ್ಗೆ ಇಪ್ಪತ್ತು ಸಲ, ಸಂಜೆ ಇಪ್ಪತ್ತು ಸಲ. ಆಮೇಲೆ ಬೀದಿ ಕೊನೆವರೆಗೆ ನಡಿಗೆ" ಎಂದು ಹೇಳಿ, ಚೌಕಗಳನ್ನು ಎಳೆದ ಒಂದು ಹಾಳೆಯನ್ನು ನನಗೆ ಕೊಟ್ಟಳು. ಮಾಡಿದ ದಿನ ಗುರುತು ಹಾಕಬೇಕಿತ್ತು.

ಕೂತು ಏಳಬೇಕಾಗಿದ್ದವನು ನನ್ನ ತಮ್ಮ ಮರಿಸ್ವಾಮಿ. ಅವನಿಗೆ ರಕ್ತದ ಕ್ಯಾನ್ಸರ್. ಔಷಧಿಯಿಂದ ಕಾಯಿಲೆ ಹತೋಟಿಗೆ ಬಂದಿತ್ತು. ಎರಡು ತಿಂಗಳ ನಂತರ ನನ್ನ ರಕ್ತದಿಂದ, ಹೊಸ ರಕ್ತ ಹುಟ್ಟಿಸುವ ಕಾಂಡಕೋಶಗಳನ್ನು ತೆಗೆದು ಅವನಿಗೆ ಹಾಕುವುದೆಂದು ತೀರ್ಮಾನವಾಗಿತ್ತು. ಊರಿಗೆ ನೀರು ಬಿಡುವ ಕೆಲಸದಲ್ಲಿ ದಿನಕ್ಕೆ ನಾಲ್ಕು ಸಲ ಟ್ಯಾಂಕಿನ ಏಣಿ ಹತ್ತಿಳಿಯುತ್ತಿದ್ದವನು, ಗುರುತು ಸಿಗದಷ್ಟು ಬಡವಾಗಿ ಮನೆಗೆ ಬಂದಿದ್ದ. "ಅಷ್ಟರೊಳಗೆ ಮೈಗೆ ಶಕ್ತಿ ಬರಬೇಕು" ಎಂದಿದ್ದರು ಡಾಕ್ಟರು.

ಮೈಗೆ ಶಕ್ತಿ ತರುವುದನ್ನು ಬೇರೆಯವರು ನನಗೆ ಹೇಳಿಕೊಡಬೇಕಿತ್ತೇ? ಬಾಣಂತನ ಮಾಡುವುದರಲ್ಲಿ ನಮ್ಮೂರಿನಲ್ಲಿ ನನ್ನನ್ನು ಮೀರಿಸಿದವರಿರಲಿಲ್ಲ. ಹೆತ್ತು ಸೊರಗಿದ ಹುಡುಗಿಯರನ್ನು ನಲವತ್ತು ದಿನ ಮಂಚದಿಂದ ಇಳಿಯಗೊಡದೆ, ತುಪ್ಪದನ್ನ, ಅಂಟಿನುಂಡೆ ತಿನ್ನಿಸಿ, ಕೆನ್ನೆ ತುಂಬಿಸಿ ಕಳಿಸಿದವಳು ನಾನು. ತಮ್ಮನಿಗೂ ಅದನ್ನೇ ಮಾಡಿದೆ.

"ಅಕ್ಕಾ, ಕಾಲೆಲ್ಲಾ ಜೋಮು ಹಿಡೀತಿದೆ. ಟ್ಯಾಂಕ್ ತಂಕ ಹೋಗ್ಬರ್ತೀನಿ ಕಣೇ" ಎಂದು ಅಂಗಲಾಚುತ್ತಿದ್ದ.

"ಸುಮ್ನೆ ಮಲಕ್ಕೊ. ತಿಂದಿದ್ದು ಮೈಗೆ ಹತ್ತಬೇಡ್ವಾ?"

ಒಂದು ದಿನ ಎದ್ದು ಹೊರಟೇಬಿಟ್ಟ. ಮರುದಿನ ಅವನ ಚಪ್ಪಲಿಗಳನ್ನು ರಾಗಿ ಡಬ್ಬದ ಹಿಂದೆ ಬಚ್ಚಿಟ್ಟೆ. ಕುರ್ಚಿಯ ಮೇಲೆ ಮಡಿಸಿದ ಬಟ್ಟೆಗಳನ್ನು ಪೇರಿಸಿದೆ. ಐವತ್ತೊಂದು ಕಿಲೋ ಇದ್ದವನು ಐವತ್ತೆಂಟಾದ. ಬೀದಿಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ಬೀಗಿದೆ.

ಎರಡು ತಿಂಗಳಾಗಿ ಆಸ್ಪತ್ರೆಗೆ ಹೋದಾಗ ನಸೀಮಾ ಅವನನ್ನು ಕೂರಿಸಿ ಏಳಲು ಹೇಳಿದಳು. ಮೂರನೆಯ ಸಲಕ್ಕೇ ಅವನು ತೊಡೆಯ ಮೇಲೆ ಕೈ ಊರಿದ.

"ಮನೇಲಿ ದಿನಾ ಮಾಡ್ತಿದ್ರಾ ಅಕ್ಕ?"

"ತಪ್ಪದೆ ಮಾಡ್ತಿದ್ದ ಕಣಮ್ಮ. ಬಸ್ಸಲ್ಲಿ ಕುಲುಕಿ ಸುಸ್ತಾಗಿದಾನೆ ಅಷ್ಟೆ" ಎಂದು ಹಾಳೆ ಮುಂದಿಟ್ಟೆ. ಒಂದು ಚೌಕವೂ ಖಾಲಿ ಇರಲಿಲ್ಲ. ಅಷ್ಟನ್ನೂ ಆ ಬೆಳಿಗ್ಗೆ, ಬಸ್ಸು ಹಿಡಿಯುವ ಮುಂಚೆ, ಒಂದೇ ಸಲಕ್ಕೆ ತುಂಬಿದ್ದೆ. ಆ ಕಸರತ್ತಿನ ನೆಪದಲ್ಲಿ ಚಿಕಿತ್ಸೆ ಎಲ್ಲಿ ಮುಂದೆ ಹೋಗುವುದೋ ಎಂಬ ಭಯ ಒಂದು ಕಡೆ. ನನಗೆ ತಿಳಿಯದ್ದು ಇವಳಿಗೇನು ತಿಳಿದಿದೆ ಎಂಬ ಕೊಬ್ಬು ಇನ್ನೊಂದು ಕಡೆ. ಮರಿಸ್ವಾಮಿ ಹಾಳೆಯನ್ನು ನೋಡಿ ಮುಖ ಬೇರೆ ಕಡೆ ತಿರುಗಿಸಿದ.

ಹೇಳಿದ ದಿನಕ್ಕೇ ಚಿಕಿತ್ಸೆ ನಡೆಯಿತು. ನನ್ನ ಕಾಂಡಕೋಶಗಳು ಅವನಲ್ಲಿ ಚೆನ್ನಾಗಿ ನಾಟಿದವು. ಹದಿನೆಂಟನೆಯ ದಿನ ರಕ್ತಪರೀಕ್ಷೆಯ ಚೀಟಿ ನೋಡಿ ಡಾಕ್ಟರು ನಕ್ಕರು. ನಾನು ಕೈಮುಗಿದೆ. ಆದರೆ ಅವನು ಹಾಸಿಗೆಯಿಂದ ಏಳಲಾರದೆ ಹೋದ. ಎದೆಯಲ್ಲಿ ಕಫ ಕಟ್ಟಿತು. ಅದನ್ನು ಕೆಮ್ಮಿ ಹೊರಹಾಕುವಷ್ಟು ಕಸುವೂ ಇರಲಿಲ್ಲ.

ಡಾಕ್ಟರು ನನ್ನನ್ನು ಕರೆದು, ಚಿಕಿತ್ಸೆಗೆ ಮುಂಚೆ ತೆಗೆದಿದ್ದ ಸ್ಕ್ಯಾನ್ ತೋರಿಸಿದರು. ಅವನ ಸೊಂಟವನ್ನು ಅಡ್ಡಲಾಗಿ ಕುಯ್ದಂತೆ ಕಾಣುವ ಚಿತ್ರ. "ಇಲ್ಲಿ ದಪ್ಪಗೆ ಮಾಂಸಖಂಡ ಇರಬೇಕಿತ್ತು. ಕರಗಿಹೋಗಿದೆ. ಏರಿದ ತೂಕ ಎಲ್ಲಾ ಕೊಬ್ಬು. ನಾವೂ ತೂಕ ನೋಡಿ, ನಿಮ್ಮ ಹಾಳೆ ನೋಡಿ ನಂಬಿಬಿಟ್ವಿ. ಇದನ್ನ ಆಗಲೇ ನೋಡಿದ್ರೆ ಒಂದು ತಿಂಗಳು ತಡೆದು, ಓಡಾಡಿಸಿ, ಆಮೇಲೆ ಮಾಡ್ತಿದ್ವಿ" ಎಂದರು. ಚಿತ್ರವನ್ನು ಪಕ್ಕಕ್ಕಿಟ್ಟು ಕೇಳಿದರು: "ನಿಜ ಹೇಳಿ ತಾಯಿ, ಎಷ್ಟು ದಿನ ಮಾಡಿಸಿದ್ರಿ?"

"ಒಂದು ದಿನಾನೂ ಇಲ್ಲ."

ಅವರು ಬೈಯಲಿಲ್ಲ. ಬೈದಿದ್ದರೆ ನಾನು ಅತ್ತಾದರೂ ಬಿಡಬಹುದಿತ್ತು.

ಆ ಸಂಜೆ, ಎದೆ ಹಗುರಾಗಲೆಂದು ನಸೀಮಾ ಮತ್ತು ನಾನು ಸೇರಿ ಅವನನ್ನು ಮಂಚದ ಪಕ್ಕದ ಕುರ್ಚಿಯಲ್ಲಿ ಕೂರಿಸಿದೆವು. ನಸೀಮಾ ನೀರು ತರಲು ಹೋದಳು. ಅವನು ನನ್ನನ್ನೇ ದಿಟ್ಟಿಸಿದ.

"ನೀನೇ ಕೂರಿಸ್ದೆ. ನೀನೇ ಎಬ್ಬಿಸು."

ಕಂಕುಳಿಗೆ ಕೈಕೊಟ್ಟು ಎತ್ತಿದೆ. ನಾನೇ ತುಂಬಿಸಿದ ಮೈ ನನ್ನ ಕೈಯಿಂದ ಜಾರಿ ಮತ್ತೆ ಕುರ್ಚಿಗೆ ಕುಸಿಯಿತು. ಇನ್ನೊಮ್ಮೆ ಎತ್ತಿದೆ, ಇನ್ನೊಮ್ಮೆ ಕುಸಿಯಿತು. ಅವನು ನಕ್ಕ. ಅಂಥ ನಗುವನ್ನು ನಾನು ಅವನ ಮುಖದಲ್ಲಿ ಎಂದೂ ಕಂಡಿರಲಿಲ್ಲ. ನಾಲ್ಕನೆಯ ದಿನ ಅವನು ತೀರಿಕೊಂಡ.

ಬಾಣಂತನಕ್ಕೆ ಕರೆಯಲು ಬಂದವರನ್ನೆಲ್ಲ ಬಾಗಿಲಿಂದಲೇ ಕಳಿಸಿಬಿಟ್ಟೆ. ಕುರ್ಚಿ ಮಾತ್ರ ನಡುಮನೆಯಲ್ಲೇ ಉಳಿಯಿತು. ಬೆಳಿಗ್ಗೆ ಇಪ್ಪತ್ತು ಸಲ, ಸಂಜೆ ಇಪ್ಪತ್ತು ಸಲ, ಕೈ ಊರದೆ ಅದರಲ್ಲಿ ಕೂತು ಏಳುತ್ತೇನೆ. ಈ ವಯಸ್ಸಿನಲ್ಲೂ ಕಾಲು ಎಷ್ಟು ಗಟ್ಟಿ ಎಂದು ನೋಡಿದವರು ಹೊಗಳುತ್ತಾರೆ. ಇಪ್ಪತ್ತನೆಯ ಸಲ ಎದ್ದು ತಿರುಗಿ ನೋಡಿದರೆ ಕುರ್ಚಿ ಖಾಲಿ ಇರುತ್ತದೆ.