ತಿದ್ದುಪಡಿ

ಹಳೇಬೀಡಿನ ಬೀರಮ್ಮ ತನ್ನ ತಮ್ಮ ಲೋಕೇಶನ ಫೋಟೊ ಹಿಡಿದು ಅರಸೀಕೆರೆಯ ಪತ್ರಿಕೆ ಕಚೇರಿಗೆ ಬಂದಾಗ ಸಂಪಾದಕ ಜವರಣ್ಣ ಆ ಮುಖವನ್ನು ಕೂಡಲೇ ಗುರುತಿಸಿದ. ಮೂರು ವರ್ಷದ ಹಿಂದೆ ಲೋಕೇಶನನ್ನು ಗುಡಿಯ ಹುಂಡಿ ಒಡೆದ ಕಳ್ಳನೆಂದು ಅಚ್ಚು ಹಾಕಿದ್ದು ಅವನೇ. ಆರೋಪ ಸುಳ್ಳೆಂದು ತಿಳಿದ ಮೇಲೂ ತಿದ್ದಿ ಬರೆಯಲಿಲ್ಲ. ಗುರುತಿನವರ ನೋಟ ತಾಳಲಾರದೆ ಲೋಕೇಶ ಬೆಂಗಳೂರು ಸೇರಿದ್ದ.

"ರೂಮಲ್ಲಿ ಸತ್ತು ಐದು ದಿನ ಆದ್ರೂ ಪಕ್ಕದೋರಿಗೆ ಗೊತ್ತಾಗ್ಲಿಲ್ವಂತೆ. ಅವನ ಹೆಸ್ರೂ ಗೊತ್ತಿರ್ಲಿಲ್ವಂತೆ. ನಾಳಿದ್ದು ಹನ್ನೊಂದನೇ ದಿನದ ಕಾರ್ಯ ಐತೆ, ಪೇಪರಲ್ಲಿ ಹಾಕಿ ಅಣ್ಣ," ಎಂದಳು ಬೀರಮ್ಮ.

ಜವರಣ್ಣ ಮೊದಲ ಪುಟದಲ್ಲೇ ಹಾಕಿ, ತನ್ನ ತಪ್ಪನ್ನೂ ಒಪ್ಪಿಕೊಂಡು ಬರೆದ. ಕಾರ್ಯಕ್ಕೆ ಊರಿಗೆ ಊರೇ ಬಂತು.

ಜವರಣ್ಣನ ಎಲೆಗೆ ಅನ್ನ ಬಡಿಸುತ್ತ ಬೀರಮ್ಮ ಮೆಲ್ಲಗೆ ಹೇಳಿದಳು: "ಅವ್ನು ಬದುಕಿದ್ದಾಗ್ಲೇ ಬರೀಬೇಕಿತ್ತು ಅಣ್ಣ."

ಜವರಣ್ಣ ಅನ್ನ ಕಲಸಲಾರದೆ ತಲೆ ತಗ್ಗಿಸಿ ಕೂತ.