ನೀರು ತುಂಬುವ ಹಬ್ಬದ ಪಂಪು

ನಾನೊಂದು ಪಂಪು. ತೋಟಕ್ಕೆ ನೀರು ಹಾಯಿಸುವ ದಢೂತಿ ಪಂಪು ಅಂದುಕೊಂಡಿರಾ? ಅಲ್ಲ ಸ್ವಾಮಿ, ನಾನು ಅಂಗೈಯಲ್ಲಿ ಕೂರುವಷ್ಟು ಗಿಡ್ಡ. ಕಂಪ್ಯೂಟರಿನ ಹೊಟ್ಟೆಯೊಳಗೆ ನನ್ನ ವಾಸ. ಕೆಲಸ ಹೆಚ್ಚಾದರೆ ಕಂಪ್ಯೂಟರಿನ ಮಿದುಳು ಕಾದು ಕೆಂಡವಾಗುತ್ತದೆ. ಅದರ ನೆತ್ತಿಯ ಮೇಲೆ ತಾಮ್ರದ ಬಿಲ್ಲೆಯೊಂದು ಕೂತಿರುತ್ತದೆ. ಆ ಬಿಲ್ಲೆಯೊಳಕ್ಕೆ ನೀರು ನುಗ್ಗಿಸಿ, ಬಿಸಿ ಹೊರಿಸಿ, ಫ್ಯಾನುಗಳ ಮುಂದೆ ಆರಿಸಿ, ಅದೇ ನೀರನ್ನು ಮತ್ತೆ ಓಡಿಸುವವನು ನಾನೇ! ಸುಸ್ತು ಅನ್ನುವುದು ನನಗೆ ಗೊತ್ತಿಲ್ಲ. ಆದರೆ ನೀರಿಲ್ಲದೆ ತಿರುಗಿಸಿದರೆ ಮುಗಿಯಿತು, ಗಂಟಲೊಣಗಿ ಸಾಯುತ್ತೇನೆ.

ಹುಟ್ಟಿದ್ದು ಎಲ್ಲೋ ದೂರದೇಶದ ಕಾರ್ಖಾನೆಯಲ್ಲಿ. ಪರೀಕ್ಷೆಗೆಂದು ಮೊದಲ ಸಲ ನನ್ನೊಳಗೆ ನೀರು ಬಿಟ್ಟಾಗ ಆದ ಖುಷಿ ಇವತ್ತಿಗೂ ಮೈಯಲ್ಲಿದೆ. ಅಲ್ಲಿಂದ ಮೈಸೂರಿನ ಒಬ್ಬ ಹುಡುಗನ ಕೈಗೆ ಬಂದೆ. ಅವನಿಗೆ ಆಟದ ಹುಚ್ಚು, ಅದಕ್ಕಿಂತ ಹೆಚ್ಚಾಗಿ ಶೋಕಿ. ನನ್ನೊಳಗೆ ಗುಲಾಬಿ ಬಣ್ಣದ ದ್ರವ ತುಂಬಿಸಿ ಗೆಳೆಯರೆದುರು ಮೆರೆದ. ತೊಳೆಯುವ ಯೋಚನೆ ಮಾತ್ರ ಅವನ ತಲೆಗೆ ಹೊಳೆಯಲೇ ಇಲ್ಲ. ಬಣ್ಣವೆಲ್ಲ ಗಂಜಿಯಂತೆ ತಳಕ್ಕಿಳಿದು ನನ್ನ ಗಂಟಲಿಗೆ ಕೂತಿತು. ಯಂತ್ರ ಬಿಸಿಯಾಗಿ ಬಿಸಿಯಾಗಿ ನಿಲ್ಲತೊಡಗಿದಾಗ ಇಡೀ ಡಬ್ಬವನ್ನೇ ಸಿಕ್ಕಷ್ಟಕ್ಕೆ ಮಾರಿ ಕೈತೊಳೆದುಕೊಂಡ.

ಕೊಂಡವಳು ತಿಪಟೂರಿನ ದಾಕ್ಷಾಯಿಣಿ. ಮೇಜಿನ ಕೆಳಗಿದ್ದ ನನಗೆ ಅವಳೆಂದರೆ ಮೊದಲು ಕಾಣುತ್ತಿದ್ದದ್ದು ಎರಡು ಕಾಲುಂಗುರ, ಕೆಲಸ ಕೈಹತ್ತಿದಾಗ ತಾಳ ಹಾಕುವ ಹೆಬ್ಬೆರಳು. ಗಂಡ ನಿಜಗುಣ ಊರೂರು ಸುತ್ತಿ ಮದುವೆ ಚಿತ್ರೀಕರಿಸುತ್ತಿದ್ದ, ಇವಳು ಮನೆಯಲ್ಲಿ ಕೂತು ಅದನ್ನು ಕತ್ತರಿಸಿ ಜೋಡಿಸುತ್ತಿದ್ದಳು. ಬಿಡುವಾದಾಗ ತನ್ನದೇ ಒಂದು ಪುಟ್ಟ ಚಿತ್ರ ಮಾಡುತ್ತಿದ್ದಳು. ಸಮುದ್ರ ನೋಡಲು ಹೊರಟ ಕೆರೆಯ ಆಮೆಯ ಅನಿಮೇಷನ್ ಅದು. ಊರವರ ಮದುವೆಗಳ ನಡುವೆ ಅವಳದು ಅಂತ ಇದ್ದದ್ದು ಅದೊಂದೇ.

ಮಕ್ಕಳ ಚಿತ್ರೋತ್ಸವಕ್ಕೆ ಅದನ್ನು ಕಳಿಸಲು ಬಲಿಪಾಡ್ಯಮಿಯ ಮಧ್ಯಾಹ್ನವೇ ಕೊನೆಯ ಗಡುವು. ಚಿತ್ರಗಳನ್ನೆಲ್ಲ ಹೆಣೆದು ಮುಗಿಸಲು ಯಂತ್ರ ಒಂದೂವರೆ ದಿನ ಒಂದೇ ಸಮನೆ ಓಡಬೇಕು. ಅದೋ ಗಂಟೆಗೊಮ್ಮೆ ಕಾದು ಕಣ್ಣುಮುಚ್ಚುತ್ತಿತ್ತು. ಕೊಂಡಾಗ ಮೇಲೆಮೇಲೆ ತೊಳೆದಿದ್ದಳಷ್ಟೆ, ಹಳೆಯ ಗುಲಾಬಿ ಕೆಸರು ಬಿಲ್ಲೆಯ ಗೀರುಗಳಲ್ಲಿ ಇನ್ನೂ ಕೂತಿತ್ತು. ದೀಪಾವಳಿ ಹಿಂದಿನ ದಿನ ನೀರಿಳಿಸಿ, ಪೈಪು ಬಿಚ್ಚಿ, ನಮ್ಮನ್ನೆಲ್ಲ ಬಚ್ಚಲಿಗೆ ಹೊತ್ತೊಯ್ದಳು. ಹಲ್ಲುಜ್ಜುವ ಬ್ರಷ್ಷಿನಿಂದ ನನ್ನ ಚಕ್ರವನ್ನು ತಿಕ್ಕಿದಳು ನೋಡಿ, ಅಬ್ಬಬ್ಬಾ, ಎಂಥ ಹಗುರ!

ಆಗ ಬಂದರು ಅವಳ ಅತ್ತೆ ಶಿವನಂಜಮ್ಮ. ಸೊಸೆಯ ಕೈಯಲ್ಲಿದ್ದ ಕಪ್ಪಗಾದ ಬಿಲ್ಲೆ ತಾಮ್ರದ್ದು ಅಂತ ಗೊತ್ತಾದದ್ದೇ ತಡ, ಹುಣಸೆಹಣ್ಣು ಉಪ್ಪು ತಂದು ಪಕ್ಕದಲ್ಲಿ ಕೂತುಬಿಟ್ಟರು. ಬಿಲ್ಲೆ ಫಳಫಳ ಹೊಳೆಯಿತು. ಅವರ ಮುಖವೂ ಹಾಗೇ ಆಯಿತು. ಆವತ್ತು ನೀರು ತುಂಬುವ ಹಬ್ಬ. ಬಚ್ಚಲಿನ ಹಂಡೆ ತಿಕ್ಕಿ, ಹೊಸ ನೀರು ತುಂಬಿ, ಪೂಜೆ ಮಾಡುವ ದಿನ. ಆದರೆ ಆ ಮನೆಗೆ ಗೀಸರ್ ಬಂದಿತ್ತು, ಒಲೆ ಒಡೆದಿದ್ದರು, ಹಂಡೆ ತಾರಸಿಯ ಮೇಲೆ ಬೋರಲು ಬಿದ್ದಿತ್ತು. ಬಳಸದ ಹಂಡೆಗೆ ನೀರು ತುಂಬುವುದು ಶಿವನಂಜಮ್ಮನಿಗೆ ಸರಿಬರಲಿಲ್ಲ. ಗೀಸರಿಗೆ ಕುಂಕುಮ ಇಡಲು ಮನಸ್ಸೂ ಬರಲಿಲ್ಲ.

ದಾಕ್ಷಾಯಿಣಿ ಎಲ್ಲವನ್ನೂ ಚೆನ್ನಾಗಿ ಜಾಲಿಸಿ, ಮತ್ತೆ ಜೋಡಿಸಿ, ಬ್ಯಾಟರಿ ನೀರು ತರಲು ಅಂಗಡಿಗೆ ಹೋದಳು. ನಮ್ಮಂಥವರಿಗೆ ಉಪ್ಪಿನಂಶವಿಲ್ಲದ ಆ ಶುದ್ಧ ನೀರೇ ಬೇಕು. ಬೇರೆ ನೀರಾದರೆ ಒಳಗೆ ಉಪ್ಪು ಕಟ್ಟುತ್ತದೆ, ಪಾಚಿ ಬೆಳೆಯುತ್ತದೆ. ನನ್ನ ಪಕ್ಕದಲ್ಲಿ ನನಗೆ ನೀರುಣಿಸುವ ಗಾಜಿನ ತೊಟ್ಟಿಯ ಮುಚ್ಚಳ ತೆರೆದೇ ಇತ್ತು. ಬಿರುಕುಬಿಟ್ಟ ಎರಡು ಹಿಮ್ಮಡಿಗಳು ಮೆಲ್ಲಗೆ ಹತ್ತಿರ ಬಂದವು. ಪಕ್ಕದ ಮನೆಯ ಬಾವಿಯಿಂದ ಸೇದಿದ ನೀರು ಚೊಂಬಿನಿಂದ ಸುರಿಯಿತು. ಹಿಂದೆಯೇ ಅರಿಶಿನ, ಅಕ್ಷತೆ, ಒಂದು ಚೆಂಡುಹೂವು! ಅಯ್ಯೋ, ನನಗೆ ಬಾಯಿದ್ದಿದ್ದರೆ ಕೂಗಿಕೊಳ್ಳುತ್ತಿದ್ದೆ.

ಕ್ಯಾನು ಹಿಡಿದು ಬಂದ ದಾಕ್ಷಾಯಿಣಿ ಹಳದಿ ತೊಟ್ಟಿಯನ್ನು ನೋಡಿ ನಿಂತಲ್ಲೇ ನಿಂತಳು. ಕಾಲ್ಬೆರಳುಗಳು ಬಿಗಿದುಕೊಂಡವು.

"ಅತ್ತೆ, ಇದು ಹಂಡೆ ಅಲ್ಲ."

"ಗೊತ್ತು ಕಣೇ," ಅಂದರು ಶಿವನಂಜಮ್ಮ. "ಆದ್ರೆ ಈ ಮನೇಲಿ ತುಂಬೋಕ್ಕೆ ಇನ್ನೇನಿದೆ ಹೇಳು?"

ಬಿಗಿದ ಬೆರಳುಗಳು ಸಡಿಲಾದವು. ದಾಕ್ಷಾಯಿಣಿ ನೆಲದ ಮೇಲೆ ಕೂತು ಎಲ್ಲ ಬಿಡಿಸಿ ಹೇಳಿದಳು. ಈ ನೀರಿನಲ್ಲಿ ಓಡಿಸಿದರೆ ಯಂತ್ರ ಮತ್ತೆ ಕಟ್ಟಿಕೊಳ್ಳುತ್ತದೆ, ತನ್ನ ಆಮೆ ದಾರಿಯಲ್ಲೇ ಉಳಿಯುತ್ತದೆ ಅಂದಳು. ಶಿವನಂಜಮ್ಮನ ಮುಖ ಇಳಿದುಹೋಯಿತು. ಆದರೂ ಸೆರಗು ಸಿಕ್ಕಿಸಿ ಬಕೆಟ್ಟು ತಂದರು. ಪೂಜೆಯ ನೀರನ್ನು ಬಚ್ಚಲಿಗೆ ಚೆಲ್ಲಲು ಬಿಡದೆ, ಅಂಗಳದ ಕಣಗಿಲೆ ಗಿಡಕ್ಕೆ ಹೊತ್ತೊಯ್ದು ಹಾಕಿದರು.

ತಂದ ಬ್ಯಾಟರಿ ನೀರಿನಲ್ಲಿ ಅರ್ಧಕ್ಕರ್ಧ ನಮ್ಮನ್ನು ಜಾಲಿಸಲಿಕ್ಕೇ ಹೋಯಿತು. ಅಂಗಡಿ ಬಾಗಿಲು ಹಾಕಿಯಾಗಿತ್ತು. ಉಳಿದದ್ದನ್ನು ತುಂಬಿದರೆ ತೊಟ್ಟಿಯ ಕೆಳಗಿನ ಗೆರೆಗೆ ಮುಟ್ಟಿತು, ಅಷ್ಟೇ. ಸ್ವಿಚ್ಚು ಒತ್ತಿದಳು. ನೀರಿಗಿಂತ ಗಾಳಿಯೇ ಹೆಚ್ಚು! ಗೊರ್ ಗೊರ್ ಅಂತ ಒದ್ದಾಡಿದೆ, ಇವತ್ತು ನನ್ನ ಕಥೆ ಮುಗಿಯಿತು ಅಂದುಕೊಂಡೆ. ಅವಳು ತಟ್ಟನೆ ಆರಿಸಿದಳು. ಅತ್ತೆ ಸೊಸೆ ಇಬ್ಬರೂ ಡಬ್ಬವನ್ನು ಎತ್ತಿ ಅತ್ತ ಇತ್ತ ವಾಲಿಸಿದರು. ಶಿವನಂಜಮ್ಮ ಹಾಲು ಕುಡಿದ ಕೂಸಿನ ಬೆನ್ನು ತಟ್ಟುವ ಹಾಗೆ ತಟ್ಟಿದರು. ಮತ್ತೆ ಸ್ವಿಚ್ಚು. ಬುಳಕ್! ದೊಡ್ಡದೊಂದು ಗುಳ್ಳೆ ತೊಟ್ಟಿಗೆ ಹಾರಿತು, ಅದರ ಹಿಂದೆ ಮರಿಗುಳ್ಳೆಗಳು, ಆಮೇಲೆ ಬರೀ ನೀರು, ನೀರು, ನೀರು! ನಾನು ಓಡಿದೆ ನೋಡಿ! ಪೈಪಿನ ಜೋಡಣೆಗಳ ಕೆಳಗೆ ಹಾಸಿದ್ದ ಕಾಗದ ಒಣಗಿಯೇ ಇತ್ತು. ಎಲ್ಲೂ ಒಂದು ಹನಿ ಸೋರಲಿಲ್ಲ.

ಹಬ್ಬದ ಎಣ್ಣೆಸ್ನಾನ, ಹೋಳಿಗೆ, ಪಟಾಕಿ ಎಲ್ಲ ನಡೆದವು. ನಾನು ಮಾತ್ರ ಉಸಿರು ಬಿಡದೆ ಓಡಿದೆ. ಶಿವನಂಜಮ್ಮ ಅಡುಗೆಮನೆಯಿಂದ ಬಂದು ಬಂದು ಬಗ್ಗಿ ನೀರು ನೋಡಿ ಹೋಗುತ್ತಿದ್ದರು. ಪಾಡ್ಯಮಿಯ ದಿನ ಊಟದೆಲೆ ಹಾಕುವ ಮೊದಲೇ ಆಮೆ ಸಮುದ್ರ ಮುಟ್ಟಿತು, ಚಿತ್ರ ಹೊರಟುಹೋಯಿತು. ಉತ್ಸವದಲ್ಲಿ ಮಕ್ಕಳು ಆ ಆಮೆಯನ್ನು ನೋಡಿ ಬಿದ್ದು ಬಿದ್ದು ನಕ್ಕರಂತೆ. ನನಗೆ ಹೆಮ್ಮೆ ಇರದೆ ಇರುತ್ತದೆಯೇ?

ಈಗ ನನಗೆ ವಯಸ್ಸಾಯಿತು. ಚಕ್ರ ತುಸು ಕರಕರ ಅನ್ನುತ್ತದೆ. ಡಬ್ಬಕ್ಕೆ ಹೊಸ ಪಂಪು ಬಂದಿದೆ. ಗುಜರಿಗೆ ಹೊರಟೆ ಅಂದುಕೊಂಡಿದ್ದೆ. ಆದರೆ ದಾಕ್ಷಾಯಿಣಿ ತಾರಸಿ ಹತ್ತಿ ಆ ಹಂಡೆಯನ್ನು ಇಳಿಸಿ ತಂದಳು, ಅಂಗಳದಲ್ಲಿ ಕೂರಿಸಿ, ಪೈಪು ಸಿಕ್ಕಿಸಿ ನನ್ನನ್ನು ಅದರ ಪಕ್ಕಕ್ಕೆ ಕಟ್ಟಿದಳು. ಹೂವಿನೆಸಳು ಗಂಟಲಿಗೆ ಸಿಗದಿರಲೆಂದು ಶಿವನಂಜಮ್ಮ ಪೈಪಿನ ಬಾಯಿಗೆ ಹಳೆಯ ಪಂಚೆಯ ತುಂಡು ಸುತ್ತಿದರು. ಹಂಡೆಯ ನೀರನ್ನು ಮೇಲೆತ್ತಿ ಅದರೊಳಗೇ ಚಿಮ್ಮಿಸುತ್ತೇನೆ, ಬೀದಿಯ ಗುಬ್ಬಿಗಳೆಲ್ಲ ಬಂದು ಮೀಯುತ್ತವೆ. ಬೆಳಿಗ್ಗೆ ಎದ್ದು ತಮ್ಮ ಕಾಫಿಗೂ ಮೊದಲು ಶಿವನಂಜಮ್ಮ ನೋಡುವುದು ನನಗೆ ನೀರಿದೆಯೇ ಅಂತ.

ಇವತ್ತು ಮತ್ತೆ ನೀರು ತುಂಬುವ ಹಬ್ಬ. ಒಳಗೆ ದಾಕ್ಷಾಯಿಣಿ ತೊಟ್ಟಿಗೆ ಬ್ಯಾಟರಿ ನೀರು ಸುರಿಯುತ್ತಿದ್ದಾಳೆ. ಹೊರಗೆ ಹುಣಸೆಹಣ್ಣಿನಲ್ಲಿ ತಿಕ್ಕಿದ ಹಂಡೆ ಹೊಳೆಯುತ್ತಿದೆ. ಅದಕ್ಕೆ ಬಾವಿ ನೀರು, ಅರಿಶಿನ, ಅಕ್ಷತೆ, ಚೆಂಡುಹೂವು, ಯಾವುದಕ್ಕೂ ಅಡ್ಡಿಯಿಲ್ಲ. ಶಿವನಂಜಮ್ಮ ಸ್ವಿಚ್ಚು ಒತ್ತಿ, ನೀರು ಚಿಮ್ಮಿದ್ದನ್ನು ನೋಡಿ ಒಳಗಿನ ಸೊಸೆಗೆ ಕೇಳುವ ಹಾಗೆ ಹೇಳಿದರು:

"ತುಂಬೋಕ್ಕೆ ಒಂದೂ ಇರ್ಲಿಲ್ಲ ಕಣೇ. ಈಗ ಎರಡಾಯ್ತು ನೋಡು."