ತಡವಾಗಿ ಬರುವ ಹನ್ನೆರಡು ಗಂಟೆ

ನಮ್ಮ ಊರಿನ ಚೌಕದಲ್ಲಿರುವ ಗೋಪುರದ ಗಡಿಯಾರವನ್ನು ಮೂವತ್ತೊಂದು ವರ್ಷದಿಂದ ನೋಡಿಕೊಳ್ಳುತ್ತಿರುವವಳು ನನ್ನ ಅತ್ತೆ, ಅಂದರೆ ಅಪ್ಪನ ಅಕ್ಕ. ಒಂದೊಂದು ಸೆಕೆಂಡಿಗೂ ಜಗಳಕ್ಕೆ ನಿಲ್ಲುವವಳಾದ್ದರಿಂದ ಊರಿಗೆಲ್ಲ ಅವಳು ಸೆಕೆಂಡಮ್ಮ. ನಾನು ಉದ್ದಕ್ಕೆ, ತೆಳ್ಳಗೆ ಇದ್ದೇನೆ, ಸಾಲದ್ದಕ್ಕೆ ಕೈಯಲ್ಲಿ ಯಾವಾಗಲೂ ಒಂದು ತಂತಿ. ಹಾಗಾಗಿ ಅವಳ ಬಾಯಲ್ಲಿ ನಾನು ಆಂಟೆನಾ.

ಅವಳು ಗಡಿಯಾರ ಸರಿಮಾಡುವುದು ರೇಡಿಯೋ ಕೇಳಿಕೊಂಡು. ಪ್ರತಿ ಗಂಟೆಗೂ ಸ್ಟೇಷನ್ನಿನಿಂದ ಆರು ಸಲ 'ಪೀಪ್' ಎಂದು ಸದ್ದು ಬರುತ್ತದೆ, ಆರನೆಯದು ಬಿದ್ದ ಕ್ಷಣವೇ ಹೊಸ ಗಂಟೆ. ಫೋನ್ ನೋಡಿದರೆ ಆಗದೇ ಎಂದು ಒಮ್ಮೆ ಕೇಳಿ ಬೈಸಿಕೊಂಡಿದ್ದೆ.

"ಕಣ್ಣು ಮುಳ್ಳಿನ ಮೇಲೆ, ಎರಡೂ ಕೈ ಯಂತ್ರದೊಳಗೆ. ನಿನ್ನ ಫೋನನ್ನ ಮೂಗಲ್ಲಿ ನೋಡ್ಲಾ? ನನಗೆ ಬಿಡುವಾಗಿರೋದು ಕಿವಿ ಒಂದೇ ಕಣೇ."

ಆ ತಿಂಗಳು ಎರಡು ಸುದ್ದಿ ಒಟ್ಟಿಗೆ ಬಂದವು. ಒಂದು, ತಿಂಗಳ ಕೊನೆಯ ಶುಕ್ರವಾರಕ್ಕೆ ಎಫ್‌ಎಂ ಪ್ರಸಾರ ಬಂದ್, ಆಮೇಲೆ ಎಲ್ಲವೂ ಡಿಜಿಟಲ್. ಎರಡು, ಪುರಸಭೆಯಿಂದ ಕಾಗದ: ಗೋಪುರಕ್ಕೆ ತಾನೇ ಓಡುವ ವಿದ್ಯುತ್ ಗಡಿಯಾರ ಹಾಕಬೇಕೆಂಬ ಯೋಚನೆ ಇದೆ, ಎಫ್‌ಎಂ ನಿಂತ ಮರುದಿನ ಶನಿವಾರ ಹನ್ನೆರಡಕ್ಕೆ ಇಂಜಿನಿಯರ್ ಬಂದು ಪರೀಕ್ಷೆ ಮಾಡುತ್ತಾರೆ. ಎರಡು ಸೆಕೆಂಡಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಅತ್ತೆ ಗೋಪುರದ ಬೀಗದ ಕೈ ಒಪ್ಪಿಸಬೇಕು.

ಅತ್ತೆ ಕಾಗದ ಮಡಚಿ ಎಣ್ಣೆ ಡಬ್ಬಿಯ ಕೆಳಗಿಟ್ಟಳು. "ಎರಡು ಸೆಕೆಂಡಂತೆ! ಅಷ್ಟು ಹೊತ್ತಲ್ಲಿ ನಾನು ಒಂದು ಸಂಸಾರ ಮಾಡಿ ಮುಗಿಸ್ತೀನಿ."

ರೇಡಿಯೋ ವಿಷಯ ಬಂದರೆ ನನ್ನನ್ನು ಹಿಡಿಯುವವರಿಲ್ಲ. "ಸೆಟ್ಟು ನಾನು ತರ್ತೀನಿ, ನೀವು ನಿಶ್ಚಿಂತೆಯಾಗಿರಿ" ಎಂದು ಅವತ್ತೇ ಅಂಗಡಿಗೆ ಓಡಿದೆ. ಪೆಟ್ಟಿಗೆಯ ಮೇಲೆ ದೊಡ್ಡದಾಗಿ 'ಡಿಜಿಟಲ್' ಎಂದಿತ್ತು, ತಂದೆ. ಗುಂಡಿ ಒತ್ತಿದೆ. ಪರದೆಯ ಮೇಲೆ ಸ್ಟೇಷನ್ ಹೆಸರು ಠೀವಿಯಿಂದ ಮೂಡಿತು. ಸದ್ದು ಮಾತ್ರ ಒಂದು ಚೂರೂ ಇಲ್ಲ.

"ಹೆಸರು ಹೇಳ್ತಾನೆ, ಬಾಯಿ ಬಿಡಲ್ಲ. ನಿಮ್ಮ ಮಾವನ ಹಾಗೇ ಇದ್ದಾನೆ" ಎಂದಳು ಅತ್ತೆ.

ತಪ್ಪು ನನ್ನದೇ. ಡಿಜಿಟಲ್ ರೇಡಿಯೋದಲ್ಲಿ ಡಿಎಬಿ ಎಂಬ ಹಳೆಯ ಪದ್ಧತಿ ಇದೆ, ಡಿಎಬಿ ಪ್ಲಸ್ ಎಂಬ ಹೊಸದಿದೆ. ಎರಡೂ ಬರುವುದು ಒಂದೇ ಥರದ ಅಲೆಯ ಮೇಲೆ, ಆದರೆ ಸದ್ದನ್ನು ಒತ್ತಿ ಸಣ್ಣದು ಮಾಡಿ ಕಟ್ಟುವ ವಿಧಾನ ಬೇರೆ. ಹಳೆಯ ಸೆಟ್ಟಿಗೆ ಹೊಸ ಗಂಟು ಸಿಗುತ್ತದೆ, ಅದರ ಮೇಲಿನ ವಿಳಾಸವನ್ನೂ ಓದುತ್ತದೆ, ಬಿಚ್ಚುವುದು ಮಾತ್ರ ಗೊತ್ತಿಲ್ಲ. ಹೊಸ ಸೆಟ್ಟಾದರೆ ಎರಡನ್ನೂ ಬಿಚ್ಚಬಲ್ಲದು. ಆ ಪುಟ್ಟ ಪ್ಲಸ್ ಗುರುತನ್ನು ನೋಡದೆ ತಂದಿದ್ದೆ. ಹೋಗಿ ಬದಲಾಯಿಸಿಕೊಂಡು ಬಂದೆ. ಈ ಸಲ ಗುಂಡಿ ಒತ್ತಿದರೆ ಸದ್ದು ಎಷ್ಟು ಸ್ವಚ್ಛವೆಂದರೆ ವಾರ್ತೆ ಓದುವವಳು ಹಾಳೆ ತಿರುಗಿಸಿದ್ದೂ ಕೇಳಿಸಿತು! ಅತ್ತೆಯ ಹಳೆಯ ಸೆಟ್ಟನ್ನು ನಾನೇ ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದೆ. ಅವತ್ತಿನಿಂದ ಅವಳು ಹೊಸ ಪೀಪ್ ಕೇಳಿಯೇ ಗಡಿಯಾರ ಸರಿಮಾಡತೊಡಗಿದಳು.

ಆರನೇ ದಿನ ಸೋಮವಾರ. ಬಸ್ ನಿಲ್ದಾಣದ ಕಂಟ್ರೋಲರ್ ಅತ್ತೆಯ ಗಡಿಯಾರ ರಿಪೇರಿ ಅಂಗಡಿಯ ಮೆಟ್ಟಿಲು ಹತ್ತಿದ. ಅತ್ತೆಗೂ ಅವನಿಗೂ ಇಪ್ಪತ್ತು ವರ್ಷದಿಂದ ಸಮಯದ ವಿಷಯಕ್ಕೆ ಹಾವು ಮುಂಗುಸಿ.

"ಏನು ಸೆಕೆಂಡಮ್ನೋರೆ, ಗೋಪುರಕ್ಕೆ ತೂಕಡಿಕೆ ಬಂದಿದೆಯಾ? ನನ್ನ ಬಸ್ಸು ಹೊರಟ ಮೇಲೆ ನಿಮ್ಮ ಗಂಟೆ ಹೊಡೆಯುತ್ತೆ. ಒಂದಲ್ಲ ಎರಡಲ್ಲ, ಮೂರು ಸೆಕೆಂಡ್ ಹಿಂದೆ."

"ನಿನ್ನ ಬಸ್ಸು ಸಮಯಕ್ಕೆ ಹೊರಟಿದ್ದು ಯಾವಾಗಯ್ಯಾ?"

ಬಾಯಲ್ಲಿ ಹಾಗೆ ಅಂದಳೇ ಹೊರತು ಮುಖ ಕಪ್ಪಿಟ್ಟಿತು. ಅವನು ಹೋದ ಮೇಲೆ ಗೋಪುರ ಹತ್ತಿದಳು, ಲೋಲಕ ನೋಡಿದಳು, ಹಲ್ಲುಚಕ್ರಗಳಿಗೆ ಎಣ್ಣೆ ಬಿಟ್ಟಳು, ಮೂರು ಗಂಟೆಯ ಪೀಪ್‌ಗೆ ಹೊಂದಿಸಿ ನೋಡಿದಳು. ಗಂಟೆ ಮತ್ತು ಪೀಪ್ ಕರಾರುವಾಕ್ಕಾಗಿ ಒಟ್ಟಿಗೇ ಬಿದ್ದವು. ಕೆಳಗಿಳಿದು ಬಂದು ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು.

"ಆಂಟೆನಾ, ನನ್ನ ಕಿವಿ ಹೋಯ್ತು ಕಣೇ. ಸದ್ದು ತಡವಾಗಿ ತಲೆಗೆ ಹತ್ತುತ್ತಿದೆ. ಶನಿವಾರದವರೆಗೂ ಯಾಕೆ ಕಾಯೋದು, ಬೀಗದ ಕೈ ನಾಳೆನೇ ಕೊಟ್ಟುಬಿಡ್ತೀನಿ."

ಅತ್ತೆಯ ಕಿವಿ ಏನೆಂದು ನನಗೆ ಗೊತ್ತು. ಪಕ್ಕದ ಮನೆಯ ಗೋಡೆ ಗಡಿಯಾರ ನಿಂತರೆ ಇಲ್ಲಿಂದಲೇ ಹೇಳುವವಳು. ಅಷ್ಟರಲ್ಲಿ ಕಂಟ್ರೋಲರ್ ಮತ್ತೆ ಬಂದ, ಈ ಸಲ ಕಂಕುಳಲ್ಲಿ ತನ್ನ ಹಳೆಯ ಎಫ್‌ಎಂ ರೇಡಿಯೋ. "ಸುಳ್ಳಾಡ್ತೀನಿ ಅಂದ್ಕೋಬೇಡಿ. ನಾಲ್ಕು ಗಂಟೆಯ ಪೀಪ್ ನೀವೇ ಕೇಳಿ" ಎಂದು ಮೇಜಿನ ಮೇಲೆ, ನಮ್ಮ ಹೊಸ ಸೆಟ್ಟಿನ ಪಕ್ಕದಲ್ಲೇ ಇಟ್ಟ. ಎರಡರಲ್ಲೂ ಅದೇ ಸ್ಟೇಷನ್.

ಹಳೆಯದು ಮೊದಲು ಶುರುಮಾಡಿತು. ಮೂರು ಪೀಪ್ ಆದ ಮೇಲೆ ಹೊಸದು ಮೊದಲನೆಯದನ್ನು ಹೇಳಿತು. ಹಳೆಯದು ಆರೂ ಮುಗಿಸಿ ವಾರ್ತೆಗೆ ನಮಸ್ಕಾರ ಹೇಳುವಾಗ ಹೊಸದು ಇನ್ನೂ ಪೀಪ್ ಪೀಪ್ ಎನ್ನುತ್ತಿತ್ತು.

ನಾನು ಕುಣಿದೇಬಿಟ್ಟೆ. "ಅತ್ತೆ! ನಿಮ್ಮ ಕಿವಿ ಅಲ್ಲ, ಪೆಟ್ಟಿಗೆ! ಪೆಟ್ಟಿಗೆ ತಡ!"

"ನಿಧಾನ ಕಣೇ, ಉಸಿರಾಡು."

"ಎಫ್‌ಎಂನಲ್ಲಿ ಸದ್ದು ಹುಟ್ಟಿದ ಹಾಗೇ ಬಂದುಬಿಡುತ್ತೆ. ಡಿಜಿಟಲ್‌ನಲ್ಲಿ ಹಾಗಲ್ಲ. ಅಲ್ಲಿ ಸದ್ದನ್ನ ತುಂಡು ಮಾಡಿ, ಒತ್ತಿ, ತುಂಡುಗಳನ್ನ ಹಿಂದುಮುಂದು ಹಂಚಿ ಕಳಿಸ್ತಾರೆ. ದಾರೀಲಿ ಒಂದಿಷ್ಟು ಕಳೆದುಹೋದ್ರೂ ಸೆಟ್ಟು ತುಂಬಿಸ್ಕೊಳ್ಳಲಿ ಅಂತ. ಈ ಸೆಟ್ಟು ಎಲ್ಲವನ್ನೂ ಕೂಡಿಸಿ, ಜೋಡಿಸಿ, ಆಮೇಲೆ ಬಾಯಿ ತೆರೆಯುತ್ತೆ. ಅದಕ್ಕೇ ಇಷ್ಟು ಸ್ವಚ್ಛ, ಅದಕ್ಕೇ ಇಷ್ಟು ತಡ."

ಅತ್ತೆ ಕನ್ನಡಕ ಎತ್ತಿ ಹಾಕಿಕೊಂಡಳು. ಅವಳ ಪ್ರಶ್ನೆ ಒಂದೇ: "ಎಷ್ಟು ತಡ?"

"ಎರಡು, ಮೂರು ಸೆಕೆಂಡ್..."

"ಎರಡಾ ಮೂರಾ? ನಾನು ಇಲ್ಲಿ ತರಕಾರಿ ತೂಗ್ತಿಲ್ಲ."

ಶುಕ್ರವಾರ ಎಫ್‌ಎಂ ನಿಂತರೆ ಹೋಲಿಸಲು ಏನೂ ಉಳಿಯುವುದಿಲ್ಲ. ಮಂಗಳವಾರ ಬೆಳಗ್ಗೆಯಿಂದ ಕೂತೆವು. ಅಟ್ಟದಿಂದ ಹಳೆಯ ಸೆಟ್ಟು ಇಳಿಯಿತು. ಪ್ರತಿ ಗಂಟೆಗೂ ಹಳೆಯದರ ಆರನೇ ಪೀಪ್‌ಗೆ ಸ್ಟಾಪ್‌ವಾಚ್ ಒತ್ತುವುದು, ಹೊಸದರ ಆರನೇ ಪೀಪ್‌ಗೆ ನಿಲ್ಲಿಸುವುದು. ಒತ್ತುವವಳು ನಾನು. ಕಣ್ಣು ಮುಚ್ಚಿ ಕೂತು, ನಾನು ತಪ್ಪಿದರೆ ಮೊಣಕಾಲಿಗೆ ಹೊಡೆಯುವವಳು ಅತ್ತೆ. ಸೆಟ್ಟನ್ನು ಆರಿಸಿ ಮತ್ತೆ ಹಾಕಿದರೆ ತಡವೂ ಬದಲಾಗುತ್ತದೆಯೇ ಎಂದು ಅವಳಿಗೆ ಅನುಮಾನ, ಪ್ರತಿ ಸಲ ಆರಿಸಿ ಹಾಕಿಸಿದಳು. ಮೂರು ದಿನ, ಮೂವತ್ತು ಅಳತೆ. ಸರಾಸರಿ ಎರಡು ಪಾಯಿಂಟ್ ಆರು ಸೆಕೆಂಡು. ಅದನ್ನು ಚೀಟಿಯಲ್ಲಿ ಬರೆದು ಸೆಟ್ಟಿನ ಹಣೆಗೆ ಅಂಟಿಸಿದೆ.

ಶುಕ್ರವಾರ ಅತ್ತೆ ಲೋಲಕದ ಮೇಲಿನ ಪುಟ್ಟ ತಟ್ಟೆಗೆ ಒಂದು ಚಿಕ್ಕ ತೂಕ ಇಟ್ಟಳು. ಅಲ್ಲಿ ತೂಕ ಇಟ್ಟರೆ ಗಡಿಯಾರ ಕೂದಲೆಳೆಯಷ್ಟು ಚುರುಕಾಗುತ್ತದೆ. ಸಂಜೆಯ ಹೊತ್ತಿಗೆ ಕಳೆದುಹೋದ ಎರಡು ಚಿಲ್ಲರೆ ಸೆಕೆಂಡನ್ನು ಅದು ಓಡಿ ಹಿಡಿದಿತ್ತು. ತೂಕ ತೆಗೆದಳು. ಈಗ ಗಂಟೆ ಹೊಡೆದು ಎರಡೂವರೆ ಸೆಕೆಂಡು ದಾಟಿದ ಮೇಲೆ ನಮ್ಮ ಸೆಟ್ಟಿನ ಪೀಪ್ ಮುಗಿಯುತ್ತಿತ್ತು.

ಶನಿವಾರ ಇಂಜಿನಿಯರ್ ಗೋಪುರದ ಕೋಣೆಗೆ ಬಂದರು. ಸುಸ್ತಾಗಿ ಎಪ್ಪತ್ತೆರಡು ಮೆಟ್ಟಿಲನ್ನು ಬೈದುಕೊಂಡು ಕೈಚೀಲದಿಂದ ಅಳತೆಯ ಸಾಧನ ತೆಗೆದರು. ನೋಡಿದರೆ, ಅಂಗೈಯಗಲದ ಒಂದು ಡಿಜಿಟಲ್ ರೇಡಿಯೋ! ನಾನು ಅತ್ತೆಯ ಸೆರಗು ಜಗ್ಗಿದೆ, ಅವಳು ನನ್ನ ಕೈ ಬಿಡಿಸಿದಳು.

ಹನ್ನೆರಡು ಹೊಡೆಯಿತು. ಅವರ ರೇಡಿಯೋ ಆರನೇ ಪೀಪ್ ಹೇಳುವಾಗ ನಾಲ್ಕು ಸೆಕೆಂಡು ಕಳೆದಿತ್ತು.

"ನಾಲ್ಕು ಸೆಕೆಂಡ್ ಮುಂದಿದೆಯಲ್ಲಮ್ಮಾ" ಎಂದು ಪೆನ್ನು ತೆಗೆದರು.

"ನಿಮ್ಮ ರೇಡಿಯೋ ಹಿಂದಿದೆ ಸಾರ್."

ಅವರು ನಕ್ಕರು. "ಸ್ಟೇಷನ್ನಿನ ಸಮಯವೇ ತಪ್ಪು ಅಂತೀರಾ?"

"ಸ್ಟೇಷನ್ ಸರಿಯಾಗೇ ಹೇಳ್ತು. ಪೆಟ್ಟಿಗೆ ಯೋಚನೆ ಮಾಡಿ ಹೇಳ್ತು. ಒಂದು ಗಂಟೆವರೆಗೆ ಕೂತ್ಕೊಳ್ಳಿ. ಮೆಟ್ಟಿಲು ಹತ್ತಿದ್ದಕ್ಕೂ ಸಾರ್ಥಕ ಆಗಲಿ."

ಒಂದು ಗಂಟೆಗೆ ನಮ್ಮ ಸೆಟ್ಟನ್ನು ಅವರದರ ಪಕ್ಕ ಇಟ್ಟೆವು. ಗಂಟೆ ಢಣ್ ಎಂದಿತು. ನಮ್ಮದು ಪೀಪ್ ಮುಗಿಸಿತು. ಒಂದೂವರೆ ಸೆಕೆಂಡಿನ ಮೇಲೆ ಅವರದು ಮುಗಿಸಿತು. ಅದೇ ಸ್ಟೇಷನ್, ಅದೇ ಕೋಣೆ, ಅದೇ ಮೇಜು. ಇಂಜಿನಿಯರ್ ಎರಡನ್ನೂ ಎತ್ತಿ ಕಿವಿಗೆ ಹಿಡಿದು ನೋಡಿದರು.

"ಹಾಗಾದ್ರೆ ಸರಿ ಯಾವುದು?"

"ಎರಡೂ ಅಲ್ಲ" ಎಂದೆ ನಾನು. ಇನ್ನು ತಡೆಯಲು ಆಗಲಿಲ್ಲ, ತುಂಡು ಮಾಡುವುದು, ಹಂಚುವುದು, ಜೋಡಿಸುವುದು, ಒಂದೊಂದು ಸೆಟ್ಟಿಗೆ ಒಂದೊಂದು ಹೊತ್ತು ಹಿಡಿಯುವುದು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಮೂವತ್ತು ಅಳತೆಯ ಹಾಳೆ ಮುಂದಿಟ್ಟೆ. ಅವರು ಒಂದೊಂದು ಸಾಲಿನ ಮೇಲೂ ಬೆರಳಿಟ್ಟು ಓದಿದರು. ಆಮೇಲೆ ಸರ್ವೆ ವಿಭಾಗಕ್ಕೆ ಫೋನ್ ಮಾಡಿ ಉಪಗ್ರಹದಿಂದ ನೇರವಾಗಿ ಸಮಯ ಹಿಡಿಯುವ ಯಂತ್ರವನ್ನು ತರಿಸಿದರು.

ಎರಡು ಗಂಟೆ. ಯಂತ್ರದ ಪರದೆಯಲ್ಲಿ ಅಂಕಿಗಳು ಓಡುತ್ತಿದ್ದವು. ಅತ್ತೆ ಅದನ್ನು ನೋಡಲೇ ಇಲ್ಲ, ಲೋಲಕದ ಕಡೆ ಮುಖ ಮಾಡಿ ಕೈಕಟ್ಟಿ ನಿಂತಿದ್ದಳು. ಗಂಟೆ ಹೊಡೆಯಿತು. ಇಂಜಿನಿಯರ್ ಒಂದು ಗುಂಡಿ ಒತ್ತಿ, ಬಗ್ಗಿ ನೋಡಿ, ಎದ್ದು ನಿಂತರು.

"ಒಂದು ಸೆಕೆಂಡಿನ ಹತ್ತನೇ ಒಂದು ಭಾಗ."

"ಮುಂದಾ ಹಿಂದಾ?" ಎಂದಳು ಅತ್ತೆ.

"ಅಮ್ಮಾ, ಸಾಕಮ್ಮಾ!" ಎಂದು ಅವರು ಜೋರಾಗಿ ನಕ್ಕು, ಮೇಜಿನ ಮೇಲೆ ಅತ್ತೆ ಇಟ್ಟಿದ್ದ ಬೀಗದ ಕೈಯನ್ನು ಅವಳ ಕಡೆಗೇ ತಳ್ಳಿದರು. "ಇದು ನಿಮ್ಮ ಹತ್ರನೇ ಇರಲಿ. ಆ ಅಳತೆಯ ಹಾಳೆ ನನಗೆ ಬೇಕು. ಬೇರೆ ಊರುಗಳಲ್ಲೂ ನಾವು ಇದೇ ರೇಡಿಯೋ ಇಟ್ಕೊಂಡು ಪರೀಕ್ಷೆ ಮಾಡಿಬಿಟ್ಟಿದ್ದೀವಿ. ಇದನ್ನ ಅಳೆದವರು ಯಾರು?"

ನಾನು ಅತ್ತೆಯ ಕಡೆ ಕೈ ತೋರಿಸಲು ಹೊರಟೆ. ಅವಳು ಅಷ್ಟರಲ್ಲೇ ನನ್ನ ಭುಜ ಹಿಡಿದು ಮುಂದೆ ನಿಲ್ಲಿಸಿದ್ದಳು.

"ಇವಳು. ನನ್ನ ತಮ್ಮನ ಮಗಳು. ಮೂವತ್ತು ಸಲ ಒತ್ತಿದ್ದಾಳೆ, ನಾಲ್ಕೇ ಸಲ ತಪ್ಪಿದ್ದು. ಹೆಸರು ಕೇಳಿ ದೊಡ್ಡಕ್ಷರದಲ್ಲಿ ಬರ್ಕೊಳ್ಳಿ ಸಾರ್."